ಬೇರಿನ ಕೆಳಗಿನದನ್ನು ಬರೆಯುವವರು ಯಾರು?

ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಿಗೆ ಗಿಡ ಕೊಳ್ಳಲು ಬಂದವರು ಚಿಗುರು ನೋಡುತ್ತಾರೆ, ಮೊಗ್ಗು ಎಣಿಸುತ್ತಾರೆ. ಕಪ್ಪು ಕವರಿನೊಳಗಿನ ಮಣ್ಣು ಎಲ್ಲಿಯದು ಎಂದು ಕೇಳುವವರು ಅಪರೂಪ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು ಬೆರೆಸಿದರೆ ಗಿಡವೇನೋ ನಿಲ್ಲುತ್ತದೆ. ಕಾಡಿನ ಮಣ್ಣನ್ನು ಮಾತ್ರ ಹಾಗೆ ಬೆರೆಸಿ ಮಾಡಲು ಬರುವುದಿಲ್ಲ. ತರಗೆಲೆ, ಅಣಬೆ, ಎರೆಹುಳು, ಒರಲೆ, ಕಣ್ಣಿಗೆ ಕಾಣದ ನುಸಿಗಳು ಎಷ್ಟೋ ಮಳೆಗಾಲ ಕೂಡಿ ಬಾಳಿದ ಮೇಲೆ ಆಗುವಂಥದ್ದು ಅದು.

ಪಕ್ಕದ ಲಾಲ್‌ಬಾಗ್‌ನಲ್ಲಿ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಿದೆ. ಬೆಂಗಳೂರಿನ ಕೆಮ್ಮಣ್ಣು ಇಂಥ ಕಲ್ಲೇ ಸವೆದು ಆದದ್ದು. ಬಂಡೆ ಹತ್ತುವ ಸಾವಿರಾರು ಜನರಲ್ಲಿ, ಅದರ ಬುಡದ ಮಣ್ಣನ್ನು ಬಾಗಿ ನೋಡುವವರನ್ನು ನಾನು ಕಂಡಿಲ್ಲ.

ಇದೇ ತೋಟದಲ್ಲಿ 19ನೇ ಶತಮಾನದ ಕೊನೆಯಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಗಿಡಗಳ ಚಿತ್ರ ಬರೆದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 'ಹಸುರು ಹೊನ್ನು' ಕೃತಿಗೆ ತಾವೇ ಚಿತ್ರ ಬಿಡಿಸಿಕೊಂಡರು. ಚಿತ್ರ ಬರೆಯುವುದೂ ಒಂದು ಬಗೆಯ ಸಂಶೋಧನೆ ಎಂಬ ಪರಂಪರೆ ನಮ್ಮಲ್ಲಿ ಹೊಸದಲ್ಲ. ಆದರೆ ಸಸ್ಯಚಿತ್ರಗಳಲ್ಲಿ ಕುಂಚ ಹೆಚ್ಚಾಗಿ ಎಲೆ, ಹೂ, ಕಾಯಿಗಳ ಮೇಲೆಯೇ ಓಡಾಡಿದೆ. ಆಸ್ಟ್ರಿಯಾದ ಲೋರೆ ಕುಚೆರಾ ನೆಲ ಅಗೆದು, ಗಿಡಗಳ ಬೇರನ್ನು ಎಳೆ ಎಳೆಯಾಗಿ ಬರೆದು, 1960ರಲ್ಲಿ ಬೇರುಗಳ ದೊಡ್ಡ ಚಿತ್ರಸಂಪುಟವನ್ನೇ ಹೊರತಂದರು. ಮೊಣಕಾಲೆತ್ತರದ ಗಿಡಕ್ಕೆ ಆಳುದ್ದದ ಬೇರಿರಬಹುದು ಎಂಬುದು ಅಂಥ ಚಿತ್ರ ನೋಡಿದಾಗ ಮನಸ್ಸಿಗೆ ನಾಟುವಷ್ಟು ಅಂಕಿಅಂಶದಿಂದ ನಾಟುವುದಿಲ್ಲ.

ನೆಲದೊಳಗನ್ನು ಹೀಗೆ ಹತ್ತಿರದಿಂದ ನೋಡಿದರೆ ಬೆರಗು ಕಡಿಮೆಯಾಗುವುದಿಲ್ಲ. ಹುತ್ತವನ್ನೇ ನೋಡಿ. ನಾವು ಅದಕ್ಕೆ ಹಾಲೆರೆದು ಕೈಮುಗಿದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಸಂಗಡಿಗರು ಎಂಜಿನಿಯರುಗಳೊಡನೆ ಸೇರಿ ಅದರ ಕಟ್ಟಡವನ್ನೇ ಪರೀಕ್ಷಿಸಿದರು. ಹದವಾದ ತೇವದಲ್ಲಿ ಮಣ್ಣುಂಡೆ ಮಾಡಿ ಜೋಡಿಸುವುದರಿಂದ ಗಟ್ಟಿತನ ಬರುತ್ತದೆ. ಮಳೆಗೆ ಕರಗದಂತೆ ಕಾಯುವುದು ಒರಲೆಯ ಸ್ರಾವ. ಒಳಗೆ ಅವು ಅಣಬೆಯ ಬೇಸಾಯ ಮಾಡುತ್ತವೆ. ಇದನ್ನು ತಿಳಿದ ಮೇಲೂ ಭಕ್ತಿ ಕರಗಲಿಲ್ಲ, ನನ್ನಲ್ಲಂತೂ ಹೆಚ್ಚಾಯಿತು.

ಆದರೆ ಈ ಬೆರಗನ್ನು ಚಿತ್ರಿಸುವ ಕಲೆಗೆ ಒಂದು ಹೊಣೆಯಿದೆ. ಬಹುಪಾಲು ಗಿಡಗಳ ಬೇರಿನೊಡನೆ ಶಿಲೀಂಧ್ರಗಳು ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡಿರುವುದು ನಿಜ: ಅವು ರಂಜಕ ತಂದುಕೊಡುತ್ತವೆ, ಗಿಡ ಸಕ್ಕರೆ ಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಅಧ್ಯಯನ ಮಾಡಿದ ವಿಷಯವಿದು. ಇದನ್ನೇ ಹಿಗ್ಗಿಸಿ, ತಾಯಿಮರ ಮಕ್ಕಳನ್ನು ಗುರುತಿಸಿ ಉಣಿಸುತ್ತದೆ ಎಂಬ ಸುಂದರ ಕಥೆ ಜಗತ್ತಿನೆಲ್ಲೆಡೆ ಹಬ್ಬಿತು. ಕಾಡಿನಲ್ಲಿ ಅದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು 2023ರಲ್ಲಿ ಈ ಕ್ಷೇತ್ರದವರೇ ಎಚ್ಚರಿಸಿದರು. ಮಣ್ಣಿನೊಳಗೆ ನಿಜವಾಗಿ ಇರುವುದೇ ಬೇಕಾದಷ್ಟು ಸೋಜಿಗ. ಅದಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ.

ಭೂಮಿಯ ಜೀವಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇಕಡ 59, ಮಣ್ಣಿನಲ್ಲಿವೆ ಎಂಬುದು 2023ರದೇ ಒಂದು ಅಂದಾಜು. ಆದರೂ ನಗರದ ಹಸಿರಿನ ಲೆಕ್ಕ ನೆಟ್ಟ ಸಸಿಗಳ ಸಂಖ್ಯೆಯಲ್ಲೇ ಮುಗಿಯುತ್ತದೆ. ಬಿದ್ದ ಎಲೆಯನ್ನು ಗುಡಿಸಿ ಸಾಗಿಸುತ್ತೇವೆ, ಕೆಲವೆಡೆ ಕದ್ದುಮುಚ್ಚಿ ಸುಡುತ್ತೇವೆ. ಮರದ ಬುಡಕ್ಕೆ ಸಿಮೆಂಟ್ ಬಿಗಿಯುತ್ತೇವೆ. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿಗೆಂದು ಬಿಟ್ಟ ಕಾಡಾದ ಸೊಪ್ಪಿನಬೆಟ್ಟದ ತರಗನ್ನು ಹೊತ್ತು ತಂದು ತೋಟಕ್ಕೆ ಹಾಕುತ್ತಾರೆ. ಪೇಟೆಯಲ್ಲಿ ಅದೇ ತರಗು ಕಸ.

ಲಾಲ್‌ಬಾಗ್‌ನ 240 ಎಕರೆಯಲ್ಲಿ ಒಂದೆರಡು ಗುಂಟೆಯನ್ನು ಗುಡಿಸದೆ ಬಿಡಬೇಕೆಂದು ನಾನು ಕೇಳುತ್ತೇನೆ. ಪಕ್ಕದಲ್ಲಿ ಗುಡಿಸಿದ ಅಷ್ಟೇ ನೆಲವೂ ಇರಲಿ. ಜಯನಗರ, ಸಿದ್ದಾಪುರದ ಶಾಲೆಗಳ ಮಕ್ಕಳು ವರ್ಷಕ್ಕೆರಡು ಸಲ ಬಂದು ಎರಡನ್ನೂ ಬರೆಯಲಿ. ಮಣ್ಣಿನ ಜೀವಿಗಳನ್ನು ಕಾಣಲು ಪ್ರಯೋಗಾಲಯ ಬೇಡ: ಬಾಟಲಿಯ ಕುತ್ತಿಗೆ ಕೊಯ್ದು ಬೋರಲು ಹಾಕಿ, ಬಾಯಿಗೆ ಜಾಲರಿ ಕಟ್ಟಿ, ಕೆಳಗೊಂದು ಬಟ್ಟಲಿಟ್ಟು, ಮೇಲೆ ಹಿಡಿ ತರಗುಮಣ್ಣು, ಅದರ ಮೇಲೊಂದು ಬಲ್ಬು. ಇಟಲಿಯ ಆಂಟೋನಿಯೊ ಬೆರ್ಲೆಸೆ 1905ರಲ್ಲಿ ತೋರಿಸಿದ ಉಪಾಯದ ಮನೆರೂಪವಿದು. ಕಾವಿಗೂ ಒಣಗುವಿಕೆಗೂ ಹೆದರಿ ಜೀವಿಗಳು ಕೆಳಗಿಳಿಯುತ್ತವೆ. ಬೆಳಗ್ಗೆ ಕೆಳಗಿನ ಬಟ್ಟಲಿಗೆ ಭೂತಗನ್ನಡಿ ಹಿಡಿದರೆ ಸಾಸಿವೆಗಿಂತ ಸಣ್ಣ ಬಿಳಿಯ ಜೀವವೊಂದು ಮಡಚಿದ ಬಾಲ ಬಿಚ್ಚಿ ಚಿಮ್ಮುತ್ತದೆ. ಅದಕ್ಕೆ ಕಾಲು ಆರು. ಮಗು ಎಣಿಸಲಿ, ಆಮೇಲೆ ಪೆನ್ಸಿಲ್ ಎತ್ತಿಕೊಳ್ಳಲಿ.