ಪಿ.ಟಿ. ಪೀರಿಯಡ್ಡು ಮಗಳಿಗೂ ಬೇಕು



ಮಗಳು ಎಂಟನೇ ಕ್ಲಾಸಿಗೆ ಬಂದಳೆಂದರೆ ಅನೇಕ ಮನೆಗಳಿಂದ ಶಾಲೆಗೆ ಒಂದು ಚೀಟಿ ಹೋಗಲು ಶುರುವಾಗುತ್ತದೆ. ‘ನಮ್ಮ ಹುಡುಗಿಗೆ ಹೊಟ್ಟೆನೋವು, ಆಟಕ್ಕೆ ಬಿಡಬೇಡಿರಿ’ ಎಂದು ಪಿ.ಟಿ. ಮಾಸ್ತರಿಗೆ ಬರೆದ ಚೀಟಿ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಹತ್ತನೇ ಕ್ಲಾಸಿನ ಹೊತ್ತಿಗೆ ಚೀಟಿಯ ಅಗತ್ಯವೂ ಇರುವುದಿಲ್ಲ; ಹುಡುಗಿ ತಾನಾಗಿಯೇ ಬೇವಿನ ಗಿಡದ ಬುಡದಲ್ಲಿ ಎಲ್ಲರ ಪಾಟಿಚೀಲ ಕಾಯುತ್ತ ಕೂಡುತ್ತಾಳೆ. ಸಂಜೆ ಹೊತ್ತು ಕಲಬುರಗಿಯ ಕೋಟೆ ಕಡೆ ಹೋಗಿ ನೋಡಿರಿ, ಇಲ್ಲವೇ ಕಮಲಾಪುರದಲ್ಲಿ ಯಾವುದಾದರೂ ಬಯಲು ನೋಡಿರಿ. ಬ್ಯಾಟು ಹಿಡಿದವರು ಹೆಚ್ಚಾಗಿ ಹುಡುಗರೇ. ಅವರ ಅಕ್ಕತಂಗಿಯರು ಎಲ್ಲಿ? ನೀರು ತುಂಬುತ್ತ, ಭಾಂಡೆ ತಿಕ್ಕುತ್ತ ಮನೆಯಲ್ಲಿರುತ್ತಾರೆ.

‘ದೊಡ್ಡಾಕಿ ಆಗ್ಯಾಳ, ಇನ್ನ ಜಿಗಿದಾಟ ಸಾಕು’ ಎನ್ನುವ ಅಜ್ಜಿಯೋ ಅತ್ತೆಯೋ ಕೆಟ್ಟವರಲ್ಲ. ಅವರಿಗೆ ಮಗುವಿನ ಕಾಳಜಿ. ಆದರೆ ಅವರನ್ನೇ ಒಂದು ಮಾತು ಕೇಳಿರಿ: ಪಂಚಮಿ ಹಬ್ಬಕ್ಕೆ ತವರಿಗೆ ಬಂದು ಗಿಡಕ್ಕೆ ಹಗ್ಗ ಕಟ್ಟಿ ಮುಗಿಲೆತ್ತರ ಜೋಕಾಲಿ ಜೀಕಿದವರು ಯಾರು? ಕೈ ಕೈ ಹಿಡಿದು ಫುಗಡಿ ಆಡಿದವರು, ಅಂಗಳದಲ್ಲಿ ಕುಂಟಾಬಿಲ್ಲೆ ಗೆರೆ ಹಾಕಿದವರು ಯಾರು? ಆಟ ಹೆಣ್ಣಿಗೆ ಹೊಸದಲ್ಲ. ಹಬ್ಬಕ್ಕೊಮ್ಮೆ ಇದ್ದದ್ದು ಈಗ ವೇಳಾಪಟ್ಟಿಯಲ್ಲಿ ಬಂದಿದೆ, ಅಷ್ಟೇ.

ಈ ಪೀರಿಯಡ್ಡಿನಲ್ಲಿ ಏನೇನು ಕಲಿಸುತ್ತಾರೆ ಎಂದು ಎಷ್ಟೋ ತಾಯಂದಿರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಒಂದೇ ಪಲ್ಯ ಎಲ್ಲ ಮಕ್ಕಳ ಬಾಯಿಗೂ ಹಿಡಿಸುವುದಿಲ್ಲವಲ್ಲ, ಆಟವೂ ಹಾಗೆಯೇ. ಅದಕ್ಕೇ ಹಲವು ಆಟ ಬೇಕು.

ಖೋ-ಖೋ ತೆಗೆದುಕೊಳ್ಳಿ. ಒಂದು ತಂಡದ 8 ಮಂದಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಸಾಲಾಗಿ ಕೂಡುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಎದುರು ತಂಡದವರು ಮೂವರು ಮೂವರಾಗಿ ಒಳಗೆ ಬಂದು ತಪ್ಪಿಸಿಕೊಳ್ಳುತ್ತಾರೆ. ಬೆನ್ನಟ್ಟುವವಳು ಸಾಲಿನ ನಡುವೆ ನುಗ್ಗುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದೆ ತಿರುಗುವಂತಿಲ್ಲ. ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಿ ಓಟವನ್ನು ಅವಳಿಗೆ ಒಪ್ಪಿಸಬೇಕು. ಎರಡು ಕಂಬ, ಸುಣ್ಣದ ಗೆರೆ ಇದ್ದರೆ ಸಾಕು, ಬೇರೆ ಖರ್ಚಿಲ್ಲ. ತೆಳ್ಳಗಿನ ಚುರುಕು ಹುಡುಗಿಗೆ ಇದು ಹೇಳಿ ಮಾಡಿಸಿದ ಆಟ. ನಾಲ್ಕು ಮಂದಿಯ ಮುಂದೆ ದನಿ ಎತ್ತಲು ಅಂಜುವ ಹುಡುಗಿಯೂ ಇಲ್ಲಿ ಕೂಗಲೇಬೇಕು, ಇಲ್ಲದಿದ್ದರೆ ಗೆಳತಿ ಏಳುವುದೇ ಇಲ್ಲ!

ಮೈ ತುಸು ದಪ್ಪ ಇರುವವಳಿಗೆ, ತೋಳಿನಲ್ಲಿ ಬಲ ಇರುವವಳಿಗೆ ಥ್ರೋಬಾಲ್ ಇದೆ. ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು 3 ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಭುಜದ ಮೇಲಿಂದ ಎಸೆಯಬೇಕು. ಓಟ ಕಡಿಮೆ, ಗಮನ ಹೆಚ್ಚು. ಧೈರ್ಯಸ್ಥೆಗೆ ಕಬಡ್ಡಿ, ತಾಳ ಗೊತ್ತಿರುವವಳಿಗೆ ಲೇಜಿಮು, ಒಂಟಿಯಾಗಿ ಸಾಧಿಸುವವಳಿಗೆ ಉದ್ದಜಿಗಿತ, ಗುಂಡು ಎಸೆತ. ಓಟದಲ್ಲಿ ಕೊನೆಗೆ ಬಂದವಳನ್ನು ‘ನಿನಗ ಆಟ ಬರಂಗಿಲ್ಲ’ ಎಂದು ಕೂಡಿಸಬೇಡಿ. ಆಕೆಗೆ ತನ್ನ ಆಟ ಇನ್ನೂ ಸಿಕ್ಕಿಲ್ಲ, ಅಷ್ಟೇ.

ಕಾರ್ಕಳ ತಾಲ್ಲೂಕಿನ ಹೆರ್ಮುಂಡೆ ಎಂಬ ಹಳ್ಳಿಯ ಮಮತಾ ಪೂಜಾರಿಯವರು ಶಾಲೆಯಲ್ಲಿ ವಾಲಿಬಾಲ್, ಗುಂಡು ಎಸೆತ ಎಂದು ಆಡುತ್ತಿದ್ದವರು. ಕಬಡ್ಡಿ ಕೈಹಿಡಿದದ್ದು ಕಾಲೇಜಿನಲ್ಲಿ. ಮುಂದೆ 2012ರಲ್ಲಿ ಪಟ್ನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ಅವರೇ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ನಮ್ಮ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಎಲ್ಲರ ಮಕ್ಕಳೂ ಕಪ್ ತರಬೇಕೆಂದು ಇದನ್ನು ಹೇಳುತ್ತಿಲ್ಲ. ಹಳ್ಳಿಯ ಹುಡುಗಿಯರಿಗೂ ದಾರಿ ಇದೆ ಎಂದು ಹೇಳುತ್ತಿದ್ದೇನೆ.

ಇನ್ನು ನಿಮ್ಮ ಅಂಜಿಕೆಗಳಿಗೆ ಬರೋಣ.

ಮುಟ್ಟಿನ ದಿನಗಳಲ್ಲಿ ಆಡಬಾರದೇ? ಆಡಬಹುದು. ಹಗುರ ವ್ಯಾಯಾಮದಿಂದ ಎಷ್ಟೋ ಮಂದಿಗೆ ಹೊಟ್ಟೆನೋವು ಇಳಿಯುತ್ತದೆ. ಆಕೆಗೇ ಬೇಡವೆನಿಸಿದರೆ ಆ ದಿನ ವಿಶ್ರಾಂತಿ ಕೊಡಿ. ಪ್ರತಿ ತಿಂಗಳೂ ಏಳಲಾಗದಷ್ಟು ನೋವು, ಅತಿ ಸ್ರಾವ ಇದ್ದರೆ ಚೀಟಿ ಬರೆದು ಸುಮ್ಮನಾಗಬೇಡಿ, ಡಾಕ್ಟರರಿಗೆ ತೋರಿಸಿ.

ಜಿಗಿದರೆ ಗರ್ಭಚೀಲ ಜಾರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎನ್ನುತ್ತಾರಲ್ಲ? ಇದರಲ್ಲಿ ಹುರುಳಿಲ್ಲ. ಬದಲಿಗೆ ಈ ವಯಸ್ಸಿನ ಓಟ, ಜಿಗಿತದಿಂದ ಎಲುಬು ಗಟ್ಟಿಯಾಗುತ್ತದೆ. ಹರೆಯದಲ್ಲಿ ಕೂಡಿಟ್ಟ ಎಲುಬಿನ ಬಲವೇ ನಡುವಯಸ್ಸು ದಾಟಿದ ಮೇಲೆ ನಮ್ಮನ್ನು ಕಾಯುವುದು.

ಬಿಸಿಲಿಗೆ ಕಪ್ಪಾದರೆ? ನಮ್ಮದು ಬಿಸಿಲ ನಾಡು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಆಟ ಮುಂಜಾನೆ ಇಲ್ಲವೇ ಇಳಿಹೊತ್ತಿನಲ್ಲಿರಲಿ ಎಂದು ಕೇಳುವುದು ನ್ಯಾಯ. ಬಣ್ಣಕ್ಕಾಗಿ ಆಟ ಬಿಡಿಸುವುದು ನ್ಯಾಯವಲ್ಲ. ಉಡುಪಿನ ಚಿಂತೆ ಇದ್ದರೆ ಸಡಿಲ ಪ್ಯಾಂಟು, ಉದ್ದ ಅಂಗಿ, ಮೈಗೆ ಸರಿಯಾಗಿ ಕೂಡುವ ಒಳ ಉಡುಪು, ಕ್ಯಾನ್ವಾಸ್ ಬೂಟು ಸಾಕು.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ‘ನಾಲ್ಕು ಹೆಜ್ಜೆ ಓಡಿದರ ತೇಕತಾಳ, ಮೈಗಳ್ಳಿ’ ಎಂದು ಬೈಯುವ ಮೊದಲು ಮಗಳ ಕಣ್ಣಿನ ಕೆಳ ರೆಪ್ಪೆ ಜಗ್ಗಿ ನೋಡಿರಿ. ಒಳಗೆ ಬಿಳಿಚಿದ್ದರೆ ರಕ್ತ ಕಡಿಮೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ 100 ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಊಟದ ನಂತರ ನುಂಗಲು ಹೇಳಿ. ಊಟದ ಕೂಡಲೇ ಚಹಾ ಬೇಡ. ಮೆಂತ್ಯೆ, ರಾಜಗಿರಿ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿರಿ. ಬಯಲಿನಲ್ಲಿ ಕೂಡಿಸಿದರೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ, ಓಡಿದರೆ ಮಾತ್ರ ಗೊತ್ತಾಗುತ್ತದೆ.

ಆಟದ ದಿನ ಡಬ್ಬಿಗೆ ಪಂಚಮಿ ಉಂಡಿಯನ್ನೇ ಕಟ್ಟಿಕೊಡಿ. ಹುರಿದು ಸಿಪ್ಪೆ ತೆಗೆದ ಶೇಂಗಾ 2 ಬಟ್ಟಲು, ಬೆಲ್ಲ 1 ಬಟ್ಟಲು, ಹುರಿದ ಎಳ್ಳು 2 ಚಮಚ, 2 ಯಾಲಕ್ಕಿ. ಶೇಂಗಾ ಎಣ್ಣೆ ಬಿಡುವವರೆಗೆ ಕುಟ್ಟಿ, ಬೆಲ್ಲ ಸೇರಿಸಿ ಮತ್ತೆ ಕುಟ್ಟಿ, ಎಳ್ಳು-ಯಾಲಕ್ಕಿ ಕಲಸಿ ಉಂಡಿ ಕಟ್ಟಿ. ಪಾಕದ ಗೊಡವೆಯಿಲ್ಲ. ಜೊತೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು, ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

ಕೊನೆಗೆ, ಪಾಲಕರ ಸಭೆಗೆ ಹೋದಾಗ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಎದ್ದು ಬರಬೇಡಿ. ಇಷ್ಟು ಕೇಳಿರಿ: ಪಿ.ಟಿ. ಪೀರಿಯಡ್ಡು ನಿಜಕ್ಕೂ ನಡೆಯುತ್ತದೆಯೇ, ಅಥವಾ ಗಣಿತಕ್ಕೆ ಹೋಗುತ್ತದೆಯೇ? ಚೆಂಡು ಹುಡುಗಿಯರ ಕೈಗೂ ಸಿಗುತ್ತದೆಯೇ? ಶೌಚಾಲಯದಲ್ಲಿ ನೀರು ಇದೆಯೇ? ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಟರೆ ಜೊತೆಗೆ ಶಿಕ್ಷಕಿಯೊಬ್ಬರು ಬರುತ್ತಾರೆಯೇ? ಆಟದ ಬಯಲು, ಆಟದ ಸಾಮಾನು ಶಾಲೆಯಲ್ಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಕೇಳಲು ಸಂಕೋಚ ಬೇಡ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶಾಲೆಯ ಒಂದು ಪೀರಿಯಡ್ಡಿಗೆ ಅದು ತುಂಬುವುದಿಲ್ಲ. ಉಳಿದದ್ದಕ್ಕೆ ಸಂಜೆ ಮಗಳನ್ನು ಅಂಗಳಕ್ಕೆ ಬಿಡಿ. ನೀರು ತುಂಬುವ ಕೆಲಸ ಒಂದು ದಿನ ಮಗನೂ ಮಾಡಲಿ. ಏನಂತೀರಿ?