ಓಟು ಚೇಣಿಗೆ ಕೊಡುವ ತೋಟವಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಶಾಲೆಗಳಲ್ಲಿ ನನ್ನ ಮುಂದೆ ಕೂತು ಮಗ್ಗಿ ಹೇಳಿದ ಮಕ್ಕಳೇ,

ಮಕ್ಕಳೇ ಎನ್ನುವುದು ರೂಢಿ. ನಿಮ್ಮಲ್ಲಿ ಹಲವರ ತಲೆ ನರೆತಿದೆ. ಅಡಿಕೆ ವ್ಯಾಪಾರ ಮಾಡುವವರಿದ್ದೀರಿ, ಮೆಕ್ಕೆಜೋಳ ಬೆಳೆಯುವವರಿದ್ದೀರಿ, ಬಸ್ಸಿನಲ್ಲಿ ನನ್ನಿಂದ ಟಿಕೆಟ್ ದುಡ್ಡು ತೆಗೆದುಕೊಳ್ಳಲು ಹಿಂಜರಿಯುವ ಕಂಡಕ್ಟರೂ ಇದ್ದಾರೆ. ಮದುವೆ ಮನೆಯಲ್ಲಿ ಸಿಕ್ಕರೆ ಈಗಲೂ ಬಗ್ಗಿ ನಮಸ್ಕಾರ ಮಾಡುತ್ತೀರಿ. ಆ ಸಲುಗೆಯಿಂದಲೇ ಈ ಮಾತು ಬರೆಯುತ್ತಿದ್ದೇನೆ. ಊರೂರಲ್ಲಿ ನಾವು ‘ರಾಜಿ’ ಎಂದು ಕರೆಯುತ್ತಿರುವುದು ಯಾವುದನ್ನು? ಒಮ್ಮೆ ಕೂತು ಯೋಚಿಸೋಣ.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ರಾಜ್ಯದ ಹಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಿವೃತ್ತಿಯಾದ ಮೇಲೆ ನಾನು ಬಂದು ನೆಲೆಸಿದ ಊರಿನಲ್ಲೂ ಗುಡಿಕಟ್ಟೆಯ ಮೇಲೆ ಸಭೆ ಸೇರಿತು. ಹೆಚ್ಚು ಕೂಗಿದವರ ಹಣ ಗುಡಿಯ ಜೀರ್ಣೋದ್ಧಾರಕ್ಕೆ, ಮಿಕ್ಕವರು ನಾಮಪತ್ರ ಹಾಕುವಂತಿಲ್ಲ. ಜಗಳವಿಲ್ಲ, ಖರ್ಚಿಲ್ಲ, ಊರು ಒಗ್ಗಟ್ಟಾಗಿರುತ್ತದೆ ಎಂದರು ಹಿರಿಯರು. ಅದಕ್ಕೆ ಅವರಿಟ್ಟ ಹೆಸರೇ ರಾಜಿ.

ಆ ಸಂಜೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮನೆಗೆ ಬಂದಳು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಸಂಘದ ಪುಸ್ತಕದಲ್ಲಿ ಒಂದು ರೂಪಾಯಿ ಆಚೀಚೆ ಆದದ್ದನ್ನು ಯಾರೂ ಕಂಡಿಲ್ಲ. ಕೈಯಲ್ಲಿ ನಾಮಪತ್ರದ ಫಾರಂ ಹಿಡಿದಿದ್ದಳು. “ಮೇಷ್ಟ್ರೇ, ಸೂಚಕರ ಸೈನ್ ಒಂದು ಬೇಕಾಗೈತೆ. ಯಾರೂ ಹಾಕ್ತಾ ಇಲ್ಲ” ಎಂದಳು. ಪೆನ್ನು ಜೇಬಿನಲ್ಲೇ ಇತ್ತು. ಮೂವತ್ತಾರು ವರ್ಷ ಪೌರನೀತಿ ಪಾಠ ಮಾಡಿದ ನಾನು, “ನಾಳೆ ಬೆಳಿಗ್ಗೆ ಬಾರವ್ವ, ಯೋಚನೆ ಮಾಡಿ ಹೇಳ್ತೀನಿ” ಎಂದುಬಿಟ್ಟೆ. ಬೆಳಿಗ್ಗೆ ಅವಳು ಬರಲಿಲ್ಲ. ರಾತ್ರಿಯೇ ಹಿರಿಯರು ಅವಳ ಗಂಡನನ್ನು ಕರೆಸಿ ಮಾತಾಡಿದ್ದರಂತೆ. ನಮ್ಮ ವಾರ್ಡಿನ ಆಯ್ಕೆ ಅವಿರೋಧವಾಯಿತು. ಇವತ್ತಿಗೂ ಬೀದಿಯಲ್ಲಿ ಎದುರಾದರೆ ಅವಳು ನಗುತ್ತಾಳೆ, “ಊಟ ಆತಾ ಮೇಷ್ಟ್ರೇ” ಎಂದು ಕೇಳುತ್ತಾಳೆ. ಆ ಫಾರಂ ಮಾತ್ರ ನನ್ನ ಕಣ್ಣೆದುರಿನಿಂದ ಹೋಗಿಲ್ಲ.

ಚನ್ನಗಿರಿಯವರಿಗೆ ಚೇಣಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಜಗಳೂರಿನವರಿಗಾಗಿ ಒಂದು ಮಾತು: ಅಡಿಕೆ ಇನ್ನೂ ಮರದಲ್ಲಿರುವಾಗಲೇ ವ್ಯಾಪಾರಿಗೆ ಬೆಲೆ ಮಾತಾಡಿ ಆ ವರ್ಷದ ಫಸಲು ಒಪ್ಪಿಸುವುದು. ಹಣ ಕೈಗೆ ಬಂದ ಮೇಲೆ ಕೊಯ್ಲು ಮುಗಿಯುವವರೆಗೆ ಗೊನೆಯ ಮೇಲೆ ತೋಟದ ಯಜಮಾನನಿಗೆ ಹಕ್ಕಿಲ್ಲ. ಬೆಳೆಯ ಮಟ್ಟಿಗೆ ಅದು ನ್ಯಾಯವಾದ ವ್ಯವಹಾರ. ಆದರೆ ನಾವು ಊರಿನ ಓಟನ್ನೇ ಐದು ವರ್ಷದ ಚೇಣಿಗೆ ಕೊಟ್ಟೆವು. ನಲ್ಲಿಯಲ್ಲಿ ನೀರು ಬರದಿದ್ದರೆ, ಚರಂಡಿ ಕಟ್ಟಿ ನಿಂತರೆ, ಶಾಲೆಯ ಹೆಂಚು ಬಿದ್ದರೆ ಯಾವ ಬಾಯಲ್ಲಿ ಕೇಳುವುದು? ದುಡ್ಡು ಕೊಟ್ಟು ಕೊಂಡವನು ಕೊಯ್ಯುತ್ತಾನೆ. ಅವನ ಲೆಕ್ಕದಲ್ಲಿ ಅದು ಸರಿಯೇ.

“ರಾಜಿ ಇಲ್ಲದೆ ರಾಜಕಾರಣ ಎಲ್ಲಾದರೂ ಉಂಟೇ ಮೇಷ್ಟ್ರೇ?” ಎಂದು ನೀವು ಕೇಳುತ್ತೀರಿ. ಇಲ್ಲ. ರಾಜಿ ಬೇಕು. ನಮ್ಮ ಜಿಲ್ಲೆ ಹುಟ್ಟಿದ್ದೇ ರಾಜಿಯಿಂದ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗವನ್ನು ಬಿಟ್ಟು ಬಂದವು, ಜಗಳೂರು ಚಿತ್ರದುರ್ಗವನ್ನು ಬಿಟ್ಟಿತು, ಹರಪನಹಳ್ಳಿ ಬಳ್ಳಾರಿಯಿಂದ ಬಂತು. ನಾನಾಗ ಹೊನ್ನಾಳಿ ತಾಲ್ಲೂಕಿನಲ್ಲಿದ್ದೆ. ನ್ಯಾಮತಿ ಆಗಿನ್ನೂ ಅದರದೇ ಭಾಗ. ಶಿವಮೊಗ್ಗ ಬಿಟ್ಟು ಹೋಗುವುದೇ ಎಂದು ಮುಖ ಸಣ್ಣದು ಮಾಡಿಕೊಂಡವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದರು. ಕರಿಹಲಗೆಯ ಮೇಲೆ ‘ಶಿವಮೊಗ್ಗ ಜಿಲ್ಲೆ’ ಎಂದಿದ್ದುದನ್ನು ಅಳಿಸಿ ‘ದಾವಣಗೆರೆ ಜಿಲ್ಲೆ’ ಎಂದು ಬರೆಯಲು ಐದನೇ ಕ್ಲಾಸಿನ ಹುಡುಗನನ್ನು ಕರೆದೆ. ಅವನು ಶಿವಮೊಗ್ಗವನ್ನು ಪೂರ್ತಿ ಅಳಿಸದೆ, ಅದರ ಮಸುಕಿನ ಮೇಲೆಯೇ ದಾವಣಗೆರೆ ಬರೆದ. ವಾರಗಟ್ಟಲೆ ಎರಡೂ ಹೆಸರು ಒಟ್ಟಿಗೇ ಕಾಣುತ್ತಿದ್ದವು. ನಾನೂ ಒರೆಸಲು ಹೋಗಲಿಲ್ಲ.

ಆ ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಾನಿನ್ನೂ ಚಡ್ಡಿ ಹಾಕುವ ಹುಡುಗ. ನಮ್ಮ ಮೇಷ್ಟ್ರು ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. ತುರ್ತು ಪರಿಸ್ಥಿತಿಯಲ್ಲಿ ಪಟೇಲರು ಜೈಲು ಕಂಡರು. ಅಂಥವರ ಪಕ್ಷ 1999ರಲ್ಲಿ ಒಡೆದು, ಅವರಿದ್ದ ಬಣ ಬಿಜೆಪಿಯೊಂದಿಗೆ ಕೈಜೋಡಿಸಿ ಚುನಾವಣೆಗೆ ಹೋಯಿತು. ಸಮಾಜವಾದಿಯೊಬ್ಬರು ಮಾಡಿಕೊಂಡ ಆ ರಾಜಿ ನನಗೆ ಒಪ್ಪಿಗೆಯಾಗಲಿಲ್ಲ. ಇವತ್ತಿಗೂ ಇಲ್ಲ. ಆದರೆ ಅದು ಹಗಲಿನಲ್ಲಿ, ಎಲ್ಲರ ಮುಂದೆ ನಡೆಯಿತು. ಅವರು ಕಾರಣ ಹೇಳಿದರು, ಓಟು ಕೇಳಿದರು, ಚನ್ನಗಿರಿಯ ಜನ ತಮ್ಮದೇ ಊರಿನ ದೊಡ್ಡ ಮನುಷ್ಯನನ್ನು ಸೋಲಿಸಿದರು. ಒಪ್ಪದಿದ್ದರೆ ಸೋಲಿಸುವ ದಾರಿ ಜನರ ಕೈಯಲ್ಲಿ ಉಳಿದಿತ್ತು. ಗುಡಿಕಟ್ಟೆಯ ಹರಾಜಿನಲ್ಲಿ ಆ ದಾರಿಗೇ ಬೇಲಿ ಹಾಕಿದ್ದೇವೆ.

ನಮ್ಮ ಹಿರಿಯರು ಬೇರೆ ಥರ ಬದುಕಿದವರು. ಪಟೇಲರಿಗೆ ದಾರಿ ತೋರಿದ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ಜನರಲ್ಲಿ ಕೇಳಿದ್ದು ಒಂದು ಓಟು, ಒಂದು ನೋಟು. ಕೂಲಿಕಾರರು, ಗೇಣಿದಾರರು ಅಭ್ಯರ್ಥಿಗೇ ಕಾಸು ಕೊಟ್ಟು ಆರಿಸಿ ಕಳಿಸಿದರು. ಜಗಳೂರಿನ ಜೆ. ಮಹಮ್ಮದ್ ಇಮಾಂ ಅವರನ್ನು ಚಿತ್ರದುರ್ಗ ಕ್ಷೇತ್ರ 1957ರಲ್ಲೂ 1967ರಲ್ಲೂ ಲೋಕಸಭೆಗೆ ಕಳಿಸಿತು. ಜಾತಿಯ ತಲೆ ಎಣಿಸಿದ್ದರೆ ಅದು ಆಗುವ ಮಾತೇ? ಇದೇ ಮಣ್ಣಿನ ಜನ, ನಿಮ್ಮ ಅಜ್ಜ ಅಜ್ಜಿಯರು.

ಈಗ 2019 ನೆನಪು ಮಾಡಿಕೊಳ್ಳಿ. ಪಕ್ಷಾಂತರ ನಿಷೇಧ ಕಾನೂನಿನಡಿ ರಾಜ್ಯದ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿಯೆಂದು ಸುಪ್ರೀಂ ಕೋರ್ಟೂ ಹೇಳಿತು, ಮತ್ತೆ ಸ್ಪರ್ಧಿಸಲು ಮಾತ್ರ ಬಿಟ್ಟಿತು. ಕಣಕ್ಕಿಳಿದವರಲ್ಲಿ ಹೆಚ್ಚಿನವರು ಗೆದ್ದೇ ಬಂದರು. ಟೀ ಅಂಗಡಿಯಲ್ಲಿ ಕೂತು ಅವರನ್ನು ಬೈಯುತ್ತೇವೆ. ವಾರ್ಡಿನ ಸ್ಥಾನವನ್ನು ಗುಡಿಗೆಂದು ಮಾರಿದ ನಮಗೆ, ಶಾಸಕ ಸ್ಥಾನ ಮಾರಿಕೊಂಡರೆಂದು ಬೈಯುವ ಹಕ್ಕು ಎಷ್ಟಿದೆ?

ಓಟಿನ ಬೆಲೆ ಎಂದಾಗ ನಾನಿದ್ದ ಜಗಳೂರು ತಾಲ್ಲೂಕಿನ ಒಂದು ಶಾಲೆಯ ವಿಷಯ ಹೇಳಲೇಬೇಕು. ಇಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು. ಮಳೆ ಇಲ್ಲದ ವರ್ಷ ಅರ್ಧ ಮಕ್ಕಳು ಅಪ್ಪ ಅಮ್ಮನ ಜೊತೆ ಕಾಫಿ ಸೀಮೆಗೆ ಗುಳೆ ಹೋಗಿಬಿಡುತ್ತಿದ್ದರು. ಹಾಜರಿ ಕರೆಯುವಾಗ ಹೋದವರ ಹೆಸರಿಗೆ ಉಳಿದವರೇ “ಘಟ್ಟಕ್ಕೆ ಹೋಗ್ಯಾನೆ ಸಾರ್” ಎಂದು ಉತ್ತರ ಕೊಡುತ್ತಿದ್ದರು. ಶಾಲೆಯಲ್ಲೊಂದು ಮಂತ್ರಿಮಂಡಲ ಮಾಡಿದ್ದೆವು. ಹುಣಸೆಬೀಜ ಹಾಕಿ ಓಟು. ಎಲ್ಲರಿಗೂ ಕ್ರೀಡಾಮಂತ್ರಿ ಆಗುವಾಸೆ, ಚೆಂಡು ಅವನ ಹತ್ತಿರ ಇರುತ್ತದಲ್ಲ! ನೀರಿನ ಮಂತ್ರಿಗೆ ಯಾರೂ ನಿಲ್ಲಲಿಲ್ಲ. ದೂರದ ಬೋರಿನಿಂದ ಹೊತ್ತು ತಂದು ಗುಡಾಣ ತುಂಬಿಸಬೇಕು. ನಾಲ್ಕನೇ ಕ್ಲಾಸಿನ ಒಬ್ಬಳು ಕೈ ಎತ್ತಿದಳು. ಒಬ್ಬಳೇ ಇದ್ದಾಳೆ, ಓಟು ಯಾಕೆ ಎಂದೆ. ಅವಳು ಬಿಡಲಿಲ್ಲ. “ಬೀಜ ಹಾಕ್ಸಿ ಸಾರ್. ಇಲ್ಲಾಂದ್ರೆ ನಾನು ಹೇಳಿದ್ದು ಯಾರೂ ಕೇಳಲ್ಲ” ಎಂದಳು. ಹಾಕಿಸಿದೆವು. ಹತ್ತು ಮಕ್ಕಳು ಬೇಡ ಎಂದು ಬೀಜ ಹಾಕಿದರು, ಮಿಕ್ಕವರೆಲ್ಲ ಬೇಕು ಎಂದರು. ಆ ಹತ್ತು ಬೀಜಗಳನ್ನೂ ಅವಳು ಎಣಿಸಿಕೊಂಡು ಹೋದಳು. ಇಡೀ ಬೇಸಿಗೆ ಒಬ್ಬೊಬ್ಬರಿಗೆ ಎರಡೇ ಲೋಟ ನೀರು. ನಾನು ಮೂರನೆಯದಕ್ಕೆ ಕೈ ಚಾಚಿದಾಗ ಗುಡಾಣಕ್ಕೆ ಮುಚ್ಚಳ ಮುಚ್ಚಿದಳು.

ಆ ಹುಡುಗಿಗೆ ಗೊತ್ತಿದ್ದದ್ದನ್ನು ದೊಡ್ಡವರು ಮರೆತಿದ್ದೇವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತ. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಈ ಒಂದು ವಿಷಯದಲ್ಲಿ ಎಲ್ಲರೂ ಒಳಗೊಳಗೇ ರಾಜಿ. 1987ರಲ್ಲಿ ಹಳ್ಳಿಗೆ ಅಧಿಕಾರ ಕೊಟ್ಟು ದೇಶಕ್ಕೆ ತೋರಿಸಿದ ನಾಡು ನಮ್ಮದು. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್‌ಸಾಬರು ದುಡಿದು ಕಟ್ಟಿದ್ದು ಅದು. ಅಂಥ ನಾಡಿನಲ್ಲಿ ಚುನಾವಣೆ ಎಲ್ಲಿ ಎಂದು ಯಾವ ಊರಿನವರು ಕೇಳಿದ್ದೇವೆ?

ನನಗೆ ವಯಸ್ಸಾಗಿದೆ. ನಿಮ್ಮಲ್ಲಿ ಬೇಡಿಕೊಳ್ಳುವುದು ದೊಡ್ಡದೇನಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಯ ಚುನಾವಣೆ ಎಲ್ಲಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಗುಡಿಕಟ್ಟೆಯ ಮೇಲೆ ಸ್ಥಾನ ಕೂಗುವಾಗ ಎದ್ದು ಹೊರಗೆ ಬನ್ನಿ, ಗುಡಿಗೆ ಕೊಡುವ ಕಾಣಿಕೆಯನ್ನು ಬೇರೆಯಾಗಿ ಕೊಡಿ. ರಾತ್ರಿ ಕವರು ತಂದವನಿಗೆ ಬಾಗಿಲು ತೆಗೆಯಬೇಡಿ. ನಾಳೆ ಮತಗಟ್ಟೆ ಇರುವುದು ನೀವು ಕೂತು ಕಲಿತ ಅದೇ ಕೋಣೆಯಲ್ಲಿ, ಅದೇ ಕರಿಹಲಗೆಯ ಎದುರಿಗೆ. ಮತ್ತೆ, ಯಾರಾದರೂ ನಾಮಪತ್ರದ ಫಾರಂ ಹಿಡಿದು ಸೂಚಕರ ಸಹಿ ಕೇಳಿಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದರೆ, ನಾಳೆ ಬಾ ಎನ್ನಬೇಡಿ. ನಿಂತ ಜಾಗದಲ್ಲೇ ಸಹಿ ಹಾಕಿ ಕೊಡಿ.