ಕೂಲಿಂಗ್ ಗ್ಲಾಸ್ ಸಾಲದು
ಪಂಚನಹಳ್ಳಿ ಸೀಮೆಯ ತೋಟದ ಗೇಟಿಗೂ ಟ್ರ್ಯಾಕ್ಟರ್ ಟ್ರಾಲಿಗೂ ವೆಲ್ಡಿಂಗ್ ಬೇಕೇ ಬೇಕು. ಆದರೆ ಹಳ್ಳಿಗಾಡಿನ ಅಂಗಡಿಗಳಲ್ಲಿ ಕೆಲಸ ಕಲಿಯುವ ಎಷ್ಟೋ ಹುಡುಗರು ಬರೀ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಿಡಿಯ ಮುಂದೆ ಕೂರುತ್ತಾರೆ. ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಉರಿ. ಇದೇ ಕೆಲಸವನ್ನು ಸರಿಯಾಗಿ ಕಲಿಸುವ ಐಟಿಐ ವೆಲ್ಡರ್ ಕೋರ್ಸ್ ಒಂದೇ ವರ್ಷದ್ದು, ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಮುಖಕ್ಕೆ ಕಪ್ಪು ಗಾಜಿನ ಶೀಲ್ಡ್ ಹಿಡಿಯದೆ ಅಲ್ಲಿ ವೆಲ್ಡಿಂಗ್ ರಾಡ್ ಮುಟ್ಟುವಂತಿಲ್ಲ. 3.15 ಮಿಲಿಮೀಟರ್ ರಾಡಿಗೆ ಸುಮಾರು 100 ಆಂಪಿಯರ್ ಕರೆಂಟು. ಕಮ್ಮಿಯಾದರೆ ರಾಡ್ ಕಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ತಗಡು ತೂತು. ಈ ಹದ ಕೈಗೆ ಹತ್ತುವುದು ಕೆಡಿಸಿ ಕೆಡಿಸಿ ಮಾಡಿದಾಗಲೇ. ಮುಂದೆ, 45 ಡಿಗ್ರಿ ವಾಲಿಸಿದ ಪೈಪನ್ನು ಅಲುಗಿಸದೆ ಸುತ್ತ ಬೆಸೆಯುವ 6ಜಿ ಪರೀಕ್ಷೆ ಗೆದ್ದವರನ್ನು ರಿಫೈನರಿ, ಶಿಪ್‌ಯಾರ್ಡ್‌ಗಳು ಹುಡುಕುತ್ತವೆ. ಫೇಲಾದವರಿಗೆ ಐಟಿಐ ಎನ್ನುವ ಅಪ್ಪ-ಅಮ್ಮಂದಿರು ಮಗಳನ್ನೂ ಕರೆದುಕೊಂಡು ಒಮ್ಮೆ ಆ ವರ್ಕ್‌ಶಾಪ್ ಒಳಗೆ ಹೋಗಿ ನೋಡಬೇಕು.